ಧೂಳು ರಸ್ತೆಯದ್ದಲ್ಲ

ನನ್ನ ಬೋಧನಾಭ್ಯಾಸದ ನಾಲ್ಕನೇ ಪಾಠಕ್ಕೆ ವೀಕ್ಷಕರು ಬರೆದ ಷರಾ ಇವತ್ತಿಗೂ ನನ್ನ ಕಡತದಲ್ಲಿದೆ: ‘ತರಗತಿ ನಿರ್ವಹಣೆ ಉತ್ತಮ. ಮಕ್ಕಳ ಸಂದೇಹವನ್ನು ಹಾಸ್ಯಪ್ರಜ್ಞೆಯಿಂದ ಪರಿಹರಿಸಿದ್ದಾರೆ.’ ಆ ದಿನ ಅದನ್ನು ಓದಿ ಖುಷಿಪಟ್ಟಿದ್ದೆ. ಕಲ್ಲಡ್ಕದ ಹೋಟೆಲಿನಲ್ಲಿ ಸಹಪಾಠಿಗಳಿಗೆ ಕೆ.ಟಿ. ಕುಡಿಸಿದ್ದೆ. ಪರಿಹರಿಸಿದೆ ಎಂದು ಬರೆದಿದ್ದ ಆ ಸಂದೇಹವನ್ನು ನಾನು ನಿಜವಾಗಿ ಏನು ಮಾಡಿದ್ದೆ ಎಂಬುದು ತಿಳಿಯಲು ಎಂಟು ದಿನ ಬೇಕಾಯಿತು. ಅದನ್ನು ಸರಿಪಡಿಸಲು ಇನ್ನೂ ನಲವತ್ತು ದಿನ ಹಿಡಿಯಿತು. ಮುಂದಿನ ವರ್ಷ ಪಾಠಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು ಎಂದು ಆ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಹಂಚಿಕೆಯಾದ ಶಾಲೆ ಕಲ್ಲಡ್ಕ ಪೇಟೆಯಿಂದ ತುಸು ಒಳಗಿತ್ತು. ನವೆಂಬರ್ ಮೊದಲ ವಾರ. ಹೆದ್ದಾರಿಯಲ್ಲಿ ಫ್ಲೈಓವರ್ ಕೆಲಸ ನಡೆಯುತ್ತಿದ್ದ ಕಾಲ ಅದು. ಮಳೆ ನಿಂತದ್ದೇ ತಡ, ಊರಿಗೆ ಊರೇ ಕೆಂಪು ಧೂಳಿನಲ್ಲಿ ಮುಳುಗಿತ್ತು. ಅಂಗಡಿಯ ಸಾಮಾನಿನ ಮೇಲೆ, ಅಡಿಕೆ ಸೋಗೆಯ ಮೇಲೆ, ಮಕ್ಕಳ ಬಿಳಿ ಸಮವಸ್ತ್ರದ ಮೇಲೆ, ಎಲ್ಲೆಲ್ಲೂ ಧೂಳು. ‘ಕಲ್ಲಡ್ಕದ ಧೂಳು’ ಎಂದರೆ ಮಾಣಿಯಿಂದ ಮೆಲ್ಕಾರಿನವರೆಗೆ ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಅರ್ಥವಾಗುವ ತಮಾಷೆಯಾಗಿತ್ತು.

ಪಾಠ 8ನೇ ತರಗತಿಯ ‘ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ’. ಕಲಿಕಾಂಶ ರೂಪಪರಿವರ್ತನೆ. ಕಪ್ಪೆಯ ಜೀವನಚಕ್ರಕ್ಕೆ ಒಂದು ಚಾರ್ಟು, ರೇಷ್ಮೆ ಪತಂಗದ ಜೀವನಚಕ್ರಕ್ಕೆ ಇನ್ನೊಂದು. ಎರಡನ್ನೂ ರಾತ್ರಿ ಹನ್ನೆರಡರವರೆಗೆ ಕೂತು ಬಣ್ಣ ಹಚ್ಚಿ ತಯಾರಿಸಿದ್ದೆ. ಮೊಟ್ಟೆ, ಲಾರ್ವಾ, ಪ್ಯೂಪಾ, ಪ್ರೌಢ ಪತಂಗ. ನಾಲ್ಕು ಚಿತ್ರ, ನಾಲ್ಕು ಬಾಣ. ಪತಂಗ ಮತ್ತು ಚಿಟ್ಟೆಗಳ ರೆಕ್ಕೆಯ ಮೇಲೆ ಅತಿಸಣ್ಣ ಹುರುಪೆಗಳಿರುತ್ತವೆ, ಮುಟ್ಟಿದರೆ ಬೆರಳಿಗೆ ಪುಡಿಯಂತೆ ಅಂಟುವುದು ಅದೇ ಎಂದು ಹೇಳಿದೆ. ಈ ಗುಂಪಿನ ವೈಜ್ಞಾನಿಕ ಹೆಸರಾದ ಲೆಪಿಡಾಪ್ಟೆರಾ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ‘ಹುರುಪೆಯ ರೆಕ್ಕೆ’ ಎಂಬ ಅರ್ಥವಿದೆ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಅಲ್ಲಿಯವರೆಗೆ ಎಲ್ಲವೂ ಪಾಠಯೋಜನೆಯಲ್ಲಿ ಇದ್ದಂತೆಯೇ ನಡೆಯಿತು.

ಆಗ ಮೂರನೇ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತಳು. ಅದುವರೆಗೆ ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಮನೆಯಲ್ಲಿ ಬ್ಯಾರಿ ಮಾತಾಡುವ ಮಗು. ಕನ್ನಡದಲ್ಲಿ ಹೇಳುವ ಮೊದಲು ಮನಸ್ಸಿನಲ್ಲೇ ಒಮ್ಮೆ ಜೋಡಿಸಿಕೊಳ್ಳುತ್ತಿದ್ದಳು.

“ಟೀಚರ್, ನಮ್ಮ ಮನೆಯಲ್ಲಿ ಗಂಧರಾಜದ ಗಿಡ ಉಂಟು. ಅದರ ಬುಡದಿಂದ ಒಂದು ದೊಡ್ಡ ಜೇನಿನ ಹಾಗಿನದ್ದು ಮೇಲೆ ಬಂತು. ರೆಕ್ಕೆಯಲ್ಲಿ ಬೂದಿಯ ಹಾಗೆ ಧೂಳಿತ್ತು. ಹಾರುವಾಗ ಧೂಳೆಲ್ಲ ಉದುರಿ ಹೋಯ್ತು. ಮತ್ತೆ ರೆಕ್ಕೆ ಗ್ಲಾಸಿನ ಹಾಗೆ ಆಯ್ತು. ಅದು ಜೇನಾ, ಪತಂಗವಾ?”

ಗಡಿಯಾರ ನೋಡಿದೆ. ಹತ್ತು ನಿಮಿಷ ಉಳಿದಿತ್ತು. ಮೌಲ್ಯಮಾಪನದ ಐದು ಪ್ರಶ್ನೆ ಕೇಳುವುದು ಬಾಕಿ, ಗೃಹಕಾರ್ಯ ಕೊಡುವುದು ಬಾಕಿ. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಪೆನ್ನು ಹಿಡಿದು ಕೂತಿದ್ದರು. ನಾನು ಹೇಳಿದೆ: “ಪತಂಗ ಅಂದ್ರೆ ರೆಕ್ಕೆಯಲ್ಲಿ ಹುರುಪೆ ಇರ್ಲೇಬೇಕು, ಈಗಷ್ಟೇ ಕಲಿತದ್ದಲ್ವಾ? ಗ್ಲಾಸಿನ ಹಾಗೆ ರೆಕ್ಕೆ ಇದ್ರೆ ಅದು ದುಂಬಿ. ಧೂಳು ಎಲ್ಲಿಯದ್ದು ಅಂತ ನಾನು ಹೇಳ್ಬೇಕಾ? ಅದು ನಮ್ಮ ಕಲ್ಲಡ್ಕದ ರಸ್ತೆಯದ್ದು.”

ಮೂವತ್ತನಾಲ್ಕು ಮಕ್ಕಳಲ್ಲಿ ಮೂವತ್ತಮೂರು ಮಂದಿ ನಕ್ಕರು. ನಾನೂ ನಕ್ಕೆ. ವೀಕ್ಷಕರೂ ನಕ್ಕರು. ಹುಡುಗಿ ಕೂತಳು. “ಪುಸ್ತಕದಲ್ಲಿ ಇದ್ದ ಹಾಗೆ ಬರಿ, ಗೊಂದಲ ಮಾಡ್ಕೊಳ್ಬೇಡ” ಎಂದು ಪ್ರೀತಿಯಿಂದಲೇ ಹೇಳಿ ಮುಂದಿನ ಹಂತಕ್ಕೆ ಹೋದೆ. ಪಾಠ ಸರಿಯಾಗಿ ನಲವತ್ತು ನಿಮಿಷಕ್ಕೆ ಮುಗಿಯಿತು. ಆ ರಾತ್ರಿ ಪ್ರತಿಫಲನ ದಿನಚರಿಯಲ್ಲಿ ‘ವಿದ್ಯಾರ್ಥಿನಿಯ ತಪ್ಪು ಕಲ್ಪನೆಯನ್ನು ನಿವಾರಿಸಲಾಯಿತು’ ಎಂದು ಬರೆದೆ.

ಮುಂದಿನ ಎಂಟು ದಿನ ಆ ಹುಡುಗಿ ಕೈ ಎತ್ತಲಿಲ್ಲ. ನೇರವಾಗಿ ಹೆಸರು ಹಿಡಿದು ಕೇಳಿದರೆ ಪುಸ್ತಕದ ಸಾಲನ್ನು ಇದ್ದ ಹಾಗೆ ಒಪ್ಪಿಸುತ್ತಿದ್ದಳು. ಉತ್ತರ ಸರಿಯಿರುತ್ತಿತ್ತು, ಪೂರ್ಣ ಅಂಕ ಕೊಡುತ್ತಿದ್ದೆ.

ಎಂಟನೇ ದಿನ, ಮಂಗಳವಾರ, ಊಟದ ಬಿಡುವಿನಲ್ಲಿ ಜಗಲಿಯಲ್ಲಿ ಕೂತು ನೋಟ್ಸ್ ತಿದ್ದುತ್ತಿದ್ದೆ. ಎದುರಿಗೆ ಕೇಪಳದ ಗಿಡ ಹೂಬಿಟ್ಟಿತ್ತು. ಒಂದು ದಪ್ಪ ದುಂಬಿ ಬಂದು ಹೂವಿನೆದುರು ನಿಂತಿತು. ‘ನಿಂತಿತು’ ಎಂದರೆ ಕೂತದ್ದಲ್ಲ. ಗಾಳಿಯಲ್ಲಿ ಕಟ್ಟಿ ತೂಗುಹಾಕಿದಂತೆ ಒಂದೇ ಕಡೆ ನಿಂತಿತು. ರೆಕ್ಕೆ ಕಾಣಿಸುತ್ತಲೇ ಇರಲಿಲ್ಲ, ಗುಂಯ್ ಎಂಬ ಸದ್ದು ಮಾತ್ರ. ಹಸಿರು ಹಳದಿ ಮೈ, ಹೊಟ್ಟೆಯ ನಡುವೆ ಇಟ್ಟಿಗೆ ಬಣ್ಣದ ಪಟ್ಟಿ, ಬಾಲದ ತುದಿಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡ ಕಪ್ಪು ಕುಚ್ಚು. ಮುಖದಿಂದ ಒಂದು ಉದ್ದದ ನಳಿಕೆ ಸುರುಳಿ ಬಿಚ್ಚಿ ಕೇಪಳದ ಕೊಳವೆಯೊಳಗೆ ಇಳಿಯಿತು. ಒಂದು ಹೂವು, ಮತ್ತೊಂದು, ಇನ್ನೊಂದು. ಪ್ರತಿ ಸಲವೂ ಹೂವನ್ನು ಮುಟ್ಟದೆ, ಕೂರದೆ.

ನನ್ನ ಕೈಯ ಕೆಂಪು ಪೆನ್ನು ಹಾಗೇ ನಿಂತಿತು. ಜೇನಿಗೆ, ದುಂಬಿಗೆ ಸುರುಳಿ ಸುತ್ತುವ ಅಂಥ ನಳಿಕೆ ಇರುವುದಿಲ್ಲ. ಹೂವಿನ ಮೇಲೆ ಕೂತು, ಕಾಲಿಗೆ ಪರಾಗ ಮೆತ್ತಿಕೊಂಡು ಹೋಗುವುದು ಅವುಗಳ ರೀತಿ. ಸುರುಳಿ ನಳಿಕೆ ಇರುವುದು ಚಿಟ್ಟೆಗೆ, ಪತಂಗಕ್ಕೆ. ಇದನ್ನೂ ಅದೇ ನಾಲ್ಕನೇ ಪಾಠದಲ್ಲಿ ನಾನೇ ಕಲಿಸಿದ್ದೆ.

ಆ ಸಂಜೆ ಕಾಲೇಜಿನ ಗ್ರಂಥಾಲಯದಲ್ಲಿಯೂ ಮೊಬೈಲಿನಲ್ಲಿಯೂ ಹುಡುಕಿದೆ. ಸಿಕ್ಕಿತು. ಅದು ಹಾಕ್‌ಮಾತ್ ಕುಟುಂಬಕ್ಕೆ ಸೇರಿದ ಪತಂಗ. ವೈಜ್ಞಾನಿಕ ಹೆಸರು ಸೆಫೊನೋಡಿಸ್ ಹೈಲಾಸ್. 1771ರಲ್ಲಿ ಇದಕ್ಕೆ ಹೈಲಾಸ್ ಎಂಬ ಹೆಸರಿಟ್ಟವನು ಲಿನ್ನೇಯಸ್. ಇತರ ಹಾಕ್‌ಮಾತ್‌ಗಳು ಹೆಚ್ಚಾಗಿ ಮುಸ್ಸಂಜೆ ಮತ್ತು ರಾತ್ರಿ ಹಾರುತ್ತವೆ. ಇದು ಹಗಲು ಬಿಸಿಲಿನಲ್ಲಿ ಹಾರುತ್ತದೆ. ಇದರ ಮರಿಹುಳು ತಿನ್ನುವುದು ಕಾಫಿ, ಗಂಧರಾಜ, ಕಾರೆಯಂಥ ಒಂದೇ ಕುಟುಂಬದ ಗಿಡಗಳ ಎಲೆಯನ್ನು. ಕೇಪಳವೂ ಅದೇ ಕುಟುಂಬದ್ದು. ಕಾಫಿ ತೋಟದವರು ಇದನ್ನು ಕಾಫಿಯ ಹಾಕ್‌ಮಾತ್ ಎಂದೇ ಗುರುತಿಸುತ್ತಾರೆ. ಚಹಾಕ್ಕೆ ಹೆಸರಾದ ನಮ್ಮ ಕಲ್ಲಡ್ಕದಲ್ಲಿ ಅದು ಕಾಫಿಯ ನೆಂಟ ಗಂಧರಾಜವನ್ನು ಹಿಡಿದುಕೊಂಡಿತ್ತು.

ಕೆಳಗಿನ ಒಂದು ಸಾಲು ಓದುವಾಗ ಮುಖ ಬಿಸಿಯಾಯಿತು. ಪ್ಯೂಪಾದಿಂದ ಹೊರಬರುವಾಗ ಈ ಪತಂಗದ ರೆಕ್ಕೆಯ ಮೇಲೆ ಬೂದುಬಣ್ಣದ ಹುರುಪೆಗಳು ಇರುತ್ತವೆ. ಅವು ಸಡಿಲವಾಗಿ ಅಂಟಿಕೊಂಡಿರುವುದರಿಂದ ಮೊದಲ ಹಾರಾಟದಲ್ಲಿಯೇ ಪುಡಿಯಂತೆ ಉದುರುತ್ತವೆ. ಆಮೇಲೆ ರೆಕ್ಕೆ ಪಾರದರ್ಶಕ.

ಹುಡುಗಿ ಹೇಳಿದ್ದು ಅಕ್ಷರಶಃ ಅಷ್ಟೇ. ಅವಳು ನೋಡಿದ್ದನ್ನು ನೋಡಿದ ಕ್ರಮದಲ್ಲಿ, ಒಂದೂ ಹೆಚ್ಚು ಸೇರಿಸದೆ ಹೇಳಿದ್ದಳು. ಬೂದಿಯ ಬಣ್ಣ ಎಂದೂ ಹೇಳಿದ್ದಳು. ನಮ್ಮ ರಸ್ತೆಯ ಧೂಳು ಕೆಂಪು. ಅಷ್ಟನ್ನು ಕಿವಿಗೊಟ್ಟು ಕೇಳಿದ್ದರೂ ನನ್ನ ತಮಾಷೆ ನಾಲಿಗೆಯಲ್ಲೇ ನಿಲ್ಲುತ್ತಿತ್ತು.

ನಮ್ಮ ವಿಜ್ಞಾನ ಬೋಧನಾ ವಿಧಾನದ ಮೇಡಂ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾಳೆಯೇ ಮಕ್ಕಳಿಗೆ ಸರಿಯಾದ ವಿಷಯ ತಿಳಿಸಿಬಿಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಪ್ಪು ಹೇಳಿದ್ದೇನೆ ಅಂತ ನಾಳೆಯೇ ಹೇಳಿ. ಆದರೆ ಸರಿಯಾದದ್ದನ್ನು ನೀವು ಹೇಳಬೇಡಿ. ಹೇಳಿದರೆ ಅದೂ ನಿಮ್ಮ ಮಾತೇ ಆಗುತ್ತದೆ. ಮೊದಲು ಟೀಚರ್ ಇಲ್ಲ ಅಂದರು, ಈಗ ಟೀಚರ್ ಹೌದು ಅಂದರು, ಅಷ್ಟೇ. ಅವಳು ಕಂಡದ್ದನ್ನು ಎಲ್ಲರೂ ಕಾಣುವ ಹಾಗೆ ಮಾಡಲಿಕ್ಕೆ ಆಗ್ತದಾ ನೋಡಿ” ಎಂದರು.

ಬುಧವಾರ ತರಗತಿಗೆ ಹೋಗುವಾಗ ಕಾಲು ನಡುಗುತ್ತಿತ್ತು. ಪ್ರಶಿಕ್ಷಣಾರ್ಥಿಯೆಂದರೆ ಅರ್ಧ ಟೀಚರ್ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಉಳಿದ ಅರ್ಧ ಗೌರವವೂ ಇವತ್ತಿಗೆ ಹೋಯಿತು ಎಂದುಕೊಂಡೆ. ಹಾಜರಿ ಕರೆದು ಹೇಳಿದೆ: “ಹೋದ ವಾರ ಇವಳು ಒಂದು ಪ್ರಶ್ನೆ ಕೇಳಿದ್ದಳು. ನಾನು ಯೋಚನೆ ಮಾಡದೆ ಉತ್ತರ ಕೊಟ್ಟೆ, ನಗಾಡಿದೆ. ನನ್ನ ಉತ್ತರ ತಪ್ಪು. ಅವಳು ನೋಡಿದ್ದು ಎಂತದು ಅಂತ ನಾವೆಲ್ಲ ಸೇರಿ ಪರೀಕ್ಷೆ ಮಾಡ್ಬೇಕು ಅಂತ ಉಂಟು.” ಯಾರೂ ನಗಲಿಲ್ಲ. ಹುಡುಗಿ ತಲೆ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಒಂದು ಗಂಧರಾಜದ ಗೆಲ್ಲನ್ನು ನೀರಿನ ಬಾಟಲಿಯಲ್ಲಿಟ್ಟು ತಂದಳು. ಮೂರು ಎಲೆಗಳಲ್ಲಿ ಒಂದೊಂದು ಮೊಟ್ಟೆ. ಸಾಸಿವೆಗಿಂತ ಚಿಕ್ಕದು, ತಿಳಿಹಸಿರು ಬಣ್ಣ. “ಇದು ಅದರದ್ದೇ ಟೀಚರ್. ಹೊಟ್ಟೆ ಬಗ್ಗಿಸಿ ಇಟ್ಟದ್ದನ್ನು ನಾನು ನೋಡಿದ್ದೇನೆ” ಎಂದಳು. ಶಾಲೆಯ ಧ್ವಜಸ್ತಂಭದ ಪಕ್ಕದ ಗಂಧರಾಜದಲ್ಲಿ ಮಕ್ಕಳು ಹುಡುಕಿ ಇನ್ನೆರಡು ತಂದರು. ಒಟ್ಟು ಐದು.

ಹಳೆಯ ಪ್ಲಾಸ್ಟಿಕ್ ಡಬ್ಬಗಳಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಗೂಡು ಮಾಡಿದೆವು. ತಳದಲ್ಲಿ ನಾಲ್ಕು ಬೆರಳು ಮಣ್ಣು, ಮೇಲೆ ಒಣಗಿದ ತರಗೆಲೆ. ಪ್ರಯೋಗಾಲಯದ ಕಿಟಕಿಯಲ್ಲಿ ಜಾಗ. ದಿನಕ್ಕೆ ಇಬ್ಬರ ಪಾಳಿ: ಹೊಸ ಎಲೆ ಹಾಕುವುದು, ಹಿಕ್ಕೆ ತೆಗೆಯುವುದು, ಉದ್ದ ಅಳೆಯುವುದು, ಪಟ್ಟಿಯಲ್ಲಿ ಬರೆಯುವುದು. ಪಟ್ಟಿಯಲ್ಲಿ ಒಂದು ಅಂಕಣಕ್ಕೆ ‘ಕಂಡದ್ದು’ ಎಂದೂ ಇನ್ನೊಂದಕ್ಕೆ ‘ಅನಿಸಿದ್ದು’ ಎಂದೂ ಹೆಸರು ಕೊಟ್ಟೆ. ಎರಡನ್ನೂ ಬೆರೆಸಬಾರದು ಎಂಬುದೊಂದೇ ನಿಯಮ. ಆ ನಿಯಮ ಮಕ್ಕಳಿಗಿಂತ ಹೆಚ್ಚು ನನಗೇ ಬೇಕಿತ್ತು.

ನಾಲ್ಕನೇ ದಿನದೊಳಗೆ ನಾಲ್ಕು ಮೊಟ್ಟೆ ಒಡೆದವು. ಒಂದು ಒಡೆಯಲೇ ಇಲ್ಲ. ಹೊರಬಂದ ಮರಿ ಸುಮಾರು 4 ಮಿ.ಮೀ. ಉದ್ದ, ಹಿಂಭಾಗದಲ್ಲಿ ನೆಟ್ಟಗೆ ನಿಂತ ಒಂದು ಕಪ್ಪು ಕೊಂಬು. ಮೊದಲ ಊಟ ತನ್ನದೇ ಮೊಟ್ಟೆಯ ಸಿಪ್ಪೆ. ಮಕ್ಕಳು ಅದಕ್ಕೆ ‘ಕೊಂಬಿನ ಹುಳ’ ಎಂದು ಹೆಸರಿಟ್ಟರು. ಕೊಂಬು ಚುಚ್ಚುತ್ತದೆ, ವಿಷ ಉಂಟು ಎಂದು ಮೊದಲ ದಿನ ‘ಅನಿಸಿದ್ದು’ ಅಂಕಣದಲ್ಲಿ ಏಳು ಮಂದಿ ಬರೆದರು. ವಾರದ ನಂತರ ಒಬ್ಬ ಹುಡುಗ ಧೈರ್ಯಮಾಡಿ ಬೆರಳಿನಿಂದ ಮುಟ್ಟಿ ನೋಡಿದ. ಕೊಂಬು ಬರೇ ಮೆತ್ತಗೆ. ಆ ಏಳು ಸಾಲುಗಳನ್ನು ಅವರೇ ಹೊಡೆದುಹಾಕಿದರು.

ಹುಳು ನಾಲ್ಕು ಸಲ ಚರ್ಮ ಕಳಚಿ ಐದು ಹಂತಗಳಲ್ಲಿ ಬೆಳೆಯಿತು. ಕೊನೆಯ ಹಂತದಲ್ಲಿ ಅತ್ಯಂತ ಉದ್ದದ್ದು 61 ಮಿ.ಮೀ. ಎಲೆಯದೇ ಹಸಿರು, ಬೆನ್ನಿನ ಇಕ್ಕೆಲದಲ್ಲಿ ಬಿಳಿಗೆರೆ, ಪಕ್ಕದಲ್ಲಿ ಸಾಲಾಗಿ ಕೆಂಪು ಚುಕ್ಕೆಗಳು. ಆ ಚುಕ್ಕೆಗಳು ಶ್ವಾಸರಂಧ್ರಗಳು. ಒಂದೊಂದು ಬದಿಗೆ ಒಂಬತ್ತು ಎಂದು ಮಕ್ಕಳೇ ಎಣಿಸಿದರು. ಎದೆಯಲ್ಲಿ ಮೂರು ಜೊತೆ ನಿಜವಾದ ಕಾಲು, ಹಿಂದೆ ಎಲೆಯನ್ನು ಹಿಡಿದುಕೊಳ್ಳುವ ಐದು ಜೊತೆ ಮೆತ್ತನೆಯ ಕಾಲು. ‘ಕೀಟಗಳಿಗೆ ಆರು ಕಾಲು’ ಎಂದು ಪುಸ್ತಕ ಹೇಳುತ್ತದೆ, ಇದಕ್ಕೆ ಹದಿನಾರಾಯಿತಲ್ಲ ಎಂಬ ಚರ್ಚೆಯೇ ಒಂದು ಪೂರ್ತಿ ಅವಧಿ ನಡೆಯಿತು. ಗಾಬರಿಯಾದಾಗ ಹುಳು ತಲೆ, ಎದೆ ಎತ್ತಿ ಅಲ್ಲಾಡದೆ ಕೂರುತ್ತಿತ್ತು. ಈಜಿಪ್ಟಿನ ಸ್ಫಿಂಕ್ಸ್ ಪ್ರತಿಮೆ ಕೂತಂತೆ. ಈ ಕುಟುಂಬಕ್ಕೆ ಸ್ಫಿಂಜಿಡೇ ಎಂಬ ಹೆಸರು ಬಂದದ್ದೂ ಆ ಭಂಗಿಯಿಂದಲೇ.

ಈ ದಿನಗಳಲ್ಲಿ ನಾನು ಮಕ್ಕಳಿಗೆ ಇಬ್ಬರ ಕತೆ ಹೇಳಿದೆ. ಒಬ್ಬಳು ಮರಿಯಾ ಸಿಬಿಲಾ ಮೇರಿಯನ್. ಜರ್ಮನಿಯಲ್ಲಿ ಹುಟ್ಟಿದವಳು. ಹದಿಮೂರನೇ ವಯಸ್ಸಿನಲ್ಲಿ, ಅಂದರೆ 8ನೇ ತರಗತಿಯ ಪ್ರಾಯದಲ್ಲಿ, ರೇಷ್ಮೆಹುಳು ಸಾಕಿ ನೋಡತೊಡಗಿದಳು. ದೊಡ್ಡವಳಾದ ಮೇಲೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ, ಒಂದೊಂದು ಹುಳುವನ್ನು ಅದು ತಿನ್ನುವ ಗಿಡದ ಜೊತೆಗೇ ಚಿತ್ರಿಸಿ 1705ರಲ್ಲಿ ಪುಸ್ತಕ ಮಾಡಿದಳು. ಇನ್ನೊಬ್ಬರು ನಮ್ಮ ಕರಾವಳಿಯವರೇ ಎನ್ನಬಹುದಾದ ಟಿ. ಆರ್. ಬೆಲ್. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದು, ನಿವೃತ್ತಿಯ ನಂತರವೂ ಅಲ್ಲೇ ನೆಲೆಸಿ, ಕಾಡಿನಿಂದ ಮರಿಹುಳುಗಳನ್ನು ತಂದು ಸಾಕಿ, ಯಾವ ಹುಳು ಯಾವ ಚಿಟ್ಟೆಯಾಗುತ್ತದೆ, ಯಾವ ಪತಂಗವಾಗುತ್ತದೆ ಎಂದು ಬರೆದಿಟ್ಟವರು. ಅವರೂ ಎಫ್. ಬಿ. ಸ್ಕಾಟ್ ಎಂಬವರೂ ಸೇರಿ ಬರೆದ ಭಾರತದ ಹಾಕ್‌ಮಾತ್‌ಗಳ ಸಂಪುಟ 1937ರಲ್ಲಿ ಪ್ರಕಟವಾಯಿತು. ನಮ್ಮ ಕಿಟಕಿಯ ಹುಳುವಿನ ಸಂಗತಿಯೂ ಅದರಲ್ಲಿದೆ. “ಅವರೂ ಡಬ್ಬದಲ್ಲೇ ಸಾಕಿದ್ದಾ ಟೀಚರ್?” ಎಂದು ಒಬ್ಬ ಕೇಳಿದ. ಸಾಕಿ, ಕಾದು, ನೋಡಿದ್ದು ನಮ್ಮ ಹಾಗೆಯೇ ಎಂದೆ.

ನಷ್ಟವೂ ಆಯಿತು. ನಾಲ್ಕರಲ್ಲಿ ಒಂದು ಹುಳು ಕಪ್ಪಾಗಿ ಜೋತುಬಿದ್ದು ಸತ್ತಿತು. ಆ ದಿನ ಪಾಳಿಯಲ್ಲಿದ್ದ ಹುಡುಗ ತಾನು ಒದ್ದೆ ಎಲೆ ಹಾಕಿದ್ದರಿಂದ ಸತ್ತಿತೆಂದು ಅತ್ತ. ಮೂರನೇ ಬೆಂಚಿನ ಹುಡುಗಿ ತಾನಾಗಿ ಬಂದು, “ಒದ್ದೆ ಎಲೆ ಅಂತ ಕಂಡದ್ದಾ, ಅನಿಸಿದ್ದಾ?” ಎಂದು ಅವನನ್ನು ಕೇಳಿದಳು. ಅನಿಸಿದ್ದು ಎಂದ. “ಹಾಗಾದ್ರೆ ಆ ಕಡೆ ಬರಿ” ಎಂದಳು. ಎರಡು ವಾರದ ನಂತರ ಅವಳ ಸ್ವರ ತರಗತಿಯಲ್ಲಿ ಕೇಳಿದ್ದು ಅದೇ ಮೊದಲು.

ಇಪ್ಪತ್ತನಾಲ್ಕನೇ ದಿನದ ಹೊತ್ತಿಗೆ ಉಳಿದ ಮೂರೂ ಹುಳುಗಳು ತಿನ್ನುವುದನ್ನು ನಿಲ್ಲಿಸಿದವು. ಹಸಿರು ಮಾಸಿತು. ಡಬ್ಬದೊಳಗೆ ಗಡಿಬಿಡಿಯಿಂದ ಸುತ್ತಿ ತರಗೆಲೆಯ ಅಡಿಗೆ ಇಳಿದು, ತೆಳ್ಳಗೆ ನೂಲು ಹೆಣೆದುಕೊಂಡವು. ರೇಷ್ಮೆಗೂಡಿನಂಥ ಗಟ್ಟಿ ಗೂಡಲ್ಲ, ಎಲೆಗಳನ್ನು ಹಿಡಿದಿಡುವಷ್ಟು ಎಳೆ ಮಾತ್ರ. ಎರಡು ದಿನದ ನಂತರ ಮೆಲ್ಲಗೆ ಎಲೆ ಸರಿಸಿ ನೋಡಿದರೆ ಕಂದುಗೆಂಪು ಪ್ಯೂಪಾ. ಗೇರುಬೀಜಕ್ಕಿಂತ ತುಸು ಉದ್ದ. ಮುಟ್ಟಿದರೆ ಹೊಟ್ಟೆಯ ಭಾಗ ಹೊರಳಿಸುತ್ತಿತ್ತು. ‘ಪ್ಯೂಪಾ ಒಂದು ವಿಶ್ರಾಂತಿಯ ಹಂತ’ ಎಂದು ನನ್ನ ಚಾರ್ಟಿನಲ್ಲಿ ಬರೆದಿದ್ದೆ. ಒಳಗೆ ಹುಳುವಿನ ಅಂಗಾಂಗಗಳು ಒಡೆದು ಪತಂಗದ ಅಂಗಾಂಗಗಳು ಕಟ್ಟಿಕೊಳ್ಳುವಷ್ಟು ಕೆಲಸ ನಡೆಯುತ್ತಿರುವಾಗ ಅದನ್ನು ವಿಶ್ರಾಂತಿ ಎನ್ನುವುದು ಹೇಗೆ? ಚಾರ್ಟಿನ ಆ ಸಾಲಿಗೆ ಬಿಳಿ ಕಾಗದ ಅಂಟಿಸಿದೆ.

ಮೂವತ್ತೆಂಟನೇ ದಿನ ಭಾನುವಾರವಾಗಿತ್ತು. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಒಂದು ಡಬ್ಬದ ಪರದೆಗೆ ಪತಂಗವೊಂದು ಅಂಟಿಕೊಂಡಿತ್ತು. ರೆಕ್ಕೆ ಆಗಲೇ ಸ್ವಚ್ಛ ಗಾಜು. ಯಾರೂ ಇಲ್ಲದಾಗ ಹೊರಬಂದು, ಡಬ್ಬದೊಳಗೇ ರೆಕ್ಕೆ ಬಡಿದು ಎಲ್ಲ ಮುಗಿಸಿತ್ತು. ತಳದಲ್ಲಿ, ಪರದೆಯಲ್ಲಿ ಬೂದು ಪುಡಿ. ನಾನು ಸಂತೋಷದಿಂದ, “ನೋಡಿ, ಹುರುಪೆ!” ಎಂದೆ. ಮುಂದಿನ ಬೆಂಚಿನ ಹುಡುಗ ಬಗ್ಗಿ ನೋಡಿ ಹೇಳಿದ: “ಟೀಚರ್, ಕಿಟಕಿ ತೆರೆದೇ ಇತ್ತು. ಅದು ರಸ್ತೆಯ ಧೂಳೂ ಆಗಿರ್ಬಹುದು.”

ನನ್ನದೇ ಮಾತು ನನಗೆ ತಿರುಗಿ ಬಂದಿತ್ತು. ಈ ಸಲ ಮಾತ್ರ ಅದು ನ್ಯಾಯವಾದ ಪ್ರಶ್ನೆ. ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು: “ಇನ್ನೂ ಎರಡು ಉಂಟಲ್ಲ. ಡಬ್ಬ ತೊಳೆದು ಹೊಸ ಬಟ್ಟೆ ಕಟ್ಟುವ. ಅಡಿಗೆ ಕಪ್ಪು ಪೇಪರ್ ಇಡುವ. ಪಕ್ಕದಲ್ಲಿ ಒಂದು ಖಾಲಿ ಡಬ್ಬವನ್ನೂ ಹಾಗೆಯೇ ಇಡುವ. ರಸ್ತೆಯ ಧೂಳಾದ್ರೆ ಎರಡರಲ್ಲೂ ಬೀಳ್ಬೇಕು.”

ನಿಯಂತ್ರಿತ ಪ್ರಯೋಗ ಎಂದರೇನೆಂದು ನಾನು ಆ ತರಗತಿಗೆ ಇನ್ನೂ ಕಲಿಸಿರಲಿಲ್ಲ. ನನ್ನ ಚಾರ್ಟಿಗೆಂದು ತಂದು ಉಳಿದಿದ್ದ ಕಪ್ಪು ಕಾಗದವನ್ನು ಕತ್ತರಿಸಿ ಕೊಟ್ಟೆ. ಎರಡು ಪ್ಯೂಪಾಗಳನ್ನು ತೊಳೆದ ಡಬ್ಬಕ್ಕೆ ಬದಲಿಸಿ, ಏರಲು ಒಂದು ಕಡ್ಡಿ ನಿಲ್ಲಿಸಿದೆವು.

ಮಂಗಳವಾರ, ಪ್ರಾರ್ಥನೆಗೆ ಇನ್ನೂ ಕಾಲು ಗಂಟೆ ಇರುವಾಗ, ಪಾಳಿಯ ಇಬ್ಬರು ಓಡಿಬಂದರು. ನಾವು ಹೋಗುವಷ್ಟರಲ್ಲಿ ಒಂದು ಪತಂಗ ಹೊರಬಂದು ಕಡ್ಡಿ ಏರಿತ್ತು. ರೆಕ್ಕೆ ಇನ್ನೂ ಮುದುಡಿದ ಚಿಗುರಿನಂತೆ. ನೋಡನೋಡುತ್ತ ಅದು ಹಿಗ್ಗಿ ನೆಟ್ಟಗಾಯಿತು. ಎರಡೂ ರೆಕ್ಕೆಗಳ ಮೇಲೆ ಬೂದಿ ಸವರಿದಂಥ ಮಬ್ಬು. ಆಚೆಗಿನ ಬೆಳಕು ಸರಿಯಾಗಿ ಕಾಣುತ್ತಿರಲಿಲ್ಲ. ಪ್ರಾರ್ಥನೆಯ ಗಂಟೆ ಹೊಡೆಯಿತು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ನೋಡಿ, “ಇವತ್ತು ಎಂಟನೇ ತರಗತಿಯವರು ಇಲ್ಲೇ ಇರಲಿ” ಎಂದು ಹೇಳಿ ಹೋದರು.

ಬಹಳ ಹೊತ್ತಿನ ನಂತರ ಪತಂಗ ನಡುಗತೊಡಗಿತು. ಹಾರುವ ಮೊದಲು ಎದೆಯ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುವ ನಡುಕ ಅದು. ನಡುಕ ಹೆಚ್ಚಿ ಗುಂಯ್ ಎಂಬ ಸದ್ದಾಯಿತು. ಕಡ್ಡಿ ಬಿಟ್ಟು ಮೇಲೆದ್ದಿತು. ಕಿಟಕಿಯ ಬಿಸಿಲಿನಲ್ಲಿ ಅದರ ಸುತ್ತ ಒಂದು ಸಣ್ಣ ಹೊಗೆ ಎದ್ದಂತೆ ಕಂಡಿತು. ಎರಡು ಮೂರು ಕ್ಷಣ, ಅಷ್ಟೆ. ಪರದೆಗೆ ತಾಗಿ ಮತ್ತೆ ಕೂತಾಗ ರೆಕ್ಕೆಯ ಮೂಲಕ ಕಡ್ಡಿ ಸ್ಪಷ್ಟವಾಗಿ ಕಾಣುತ್ತಿತ್ತು. ನರಗಳಲ್ಲಿ, ಅಂಚಿನಲ್ಲಿ ಮಾತ್ರ ಕಪ್ಪು ಗೆರೆ ಉಳಿದಿತ್ತು.

ಹುಡುಗಿ ಎರಡೂ ಡಬ್ಬಗಳ ಕಾಗದವನ್ನು ಮೆಲ್ಲಗೆ ಎಳೆದು ಮೇಜಿನ ಮೇಲಿಟ್ಟಳು. ಖಾಲಿ ಡಬ್ಬದ್ದರಲ್ಲಿ ಒಂದೆರಡು ಕೆಂಪು ಕಣ. ಪತಂಗದ್ದರಲ್ಲಿ ಬೂದು ಪುಡಿ. ಅದರಲ್ಲೊಂದು ಚಿಟಿಕೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಮಣ್ಣಲ್ಲ. ತೊಟ್ಟು ಇರುವ ಪುಟ್ಟ ಪುಟ್ಟ ಎಲೆಗಳಂಥ ಹುರುಪೆಗಳು. ಮೂವತ್ತನಾಲ್ಕು ಮಂದಿ ಸಾಲಾಗಿ ಬಂದು ಒಂದು ಕಣ್ಣು ಮುಚ್ಚಿ ನೋಡಿದರು. ರಸ್ತೆಯ ಧೂಳೆಂದು ಸಂಶಯಪಟ್ಟ ಹುಡುಗ ಎರಡು ಸಲ ನೋಡಿ, ಅವಳ ಕಡೆ ತಿರುಗಿ, “ನೀನು ಹೇಳಿದ್ದು ಹೌದು ಮಾರಾಯ್ತಿ” ಎಂದ.

ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: “ಟೀಚರ್, ಈಗ ಇದನ್ನು ನೋಟ್ಸಲ್ಲಿ ಬರಿಯುವುದಾ?”

ಆ ಮಾತಿನಲ್ಲಿ ಯಾವ ಚುಚ್ಚೂ ಇರಲಿಲ್ಲ. ಪುಸ್ತಕದಲ್ಲಿ ಇದ್ದ ಹಾಗೆ ಬರಿ ಎಂದು ಹೇಳಿದ್ದವಳು ನಾನು. ಆದ್ದರಿಂದ ಅನುಮತಿ ಕೇಳುತ್ತಿದ್ದಳು. ಬರಿ ಎಂದೆ. ಬೇರೆ ಏನೂ ಹೇಳಲು ಆಗಲಿಲ್ಲ.

ಮರುದಿನದ ಅವಧಿಯಲ್ಲಿ ‘ಉದುರಿಸ್ಲಿಕ್ಕೆ ಅಂತಾದ್ರೆ ಹುರುಪೆ ಯಾಕೆ ಬರುವುದು?’ ಎಂಬ ಪ್ರಶ್ನೆ ಬಂತು. ಇದು ಹುರುಪೆರೆಕ್ಕೆಯ ಪೂರ್ವಜರಿಂದಲೇ ಬಂದ ಪತಂಗ. ಆದ್ದರಿಂದ ರೆಕ್ಕೆ ಬೆಳೆಯುವ ಕ್ರಮವೂ ಹಳೆಯದೇ, ಹುರುಪೆ ಅಂಟಿಕೊಳ್ಳುವ ಬಿಗಿ ಮಾತ್ರ ಕಡಿಮೆಯಾಗಿದೆ ಎಂದು ಮಾತಾಡಿಕೊಂಡೆವು. ಉದುರಿಸಿದರೆ ಲಾಭವೇನು? ಗಾಜಿನ ರೆಕ್ಕೆ, ಪಟ್ಟಿಯ ಮೈ, ಗುಂಯ್ ಸದ್ದು ಸೇರಿದರೆ ಹಕ್ಕಿಗೆ ಅದು ಚುಚ್ಚುವ ದುಂಬಿಯಂತೆ ಕಾಣುತ್ತದೆ. ನಿರಪಾಯದ ಪ್ರಾಣಿ ಅಪಾಯದ ಪ್ರಾಣಿಯ ವೇಷ ಹಾಕುವ ಈ ಉಪಾಯವನ್ನು ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ 1862ರಲ್ಲಿ ವಿವರಿಸಿದ. ಅದಕ್ಕೆ ಅವನ ಹೆಸರೇ ಉಳಿದಿದೆ. ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ವೇಷದ ವಿಷಯ ಬಿಡಿಸಿ ಹೇಳಬೇಕಾಗಲಿಲ್ಲ. ಮೊಬೈಲಿನಲ್ಲಿ ನೋಡಿದ ಹಮ್ಮಿಂಗ್‌ಬರ್ಡ್ ನಮ್ಮಲ್ಲಿಯೂ ಉಂಟು ಎಂದು ವಾದಿಸುತ್ತಿದ್ದ ಇಬ್ಬರು, ತಾವು ಕಂಡದ್ದು ಇದೇ ಪತಂಗ ಎಂದು ಒಪ್ಪಿಕೊಂಡರು. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಇದೇ ಪತಂಗದ ರೆಕ್ಕೆಯ ಮೇಲ್ಮೈಯಲ್ಲಿ ಬೆಳಕು ಹೊಳೆಯದಂತೆ ತಡೆಯುವ ಅತಿಸೂಕ್ಷ್ಮ ಉಬ್ಬುಗಳಿವೆ ಎಂದು ಜಪಾನಿನ ಸಂಶೋಧಕರು ಕಂಡುಕೊಂಡದ್ದನ್ನೂ ಹೇಳಿದೆ. ಕಲ್ಲಡ್ಕದ ಗಂಧರಾಜದ ಹುಳುವಿನ ಬಗ್ಗೆ ಜಪಾನಿನಲ್ಲಿ ಪ್ರಯೋಗ ನಡೆದಿದೆ ಎಂದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೂರನೇ ಪ್ಯೂಪಾದಿಂದ ಪತಂಗ ಬರಲಿಲ್ಲ. ಬಂದ ಎರಡನ್ನೂ ಕೇಪಳದ ಗಿಡದ ಹತ್ತಿರ ಬಿಟ್ಟೆವು. ಐದು ಮೊಟ್ಟೆಗೆ ಎರಡು ಪತಂಗ ಎಂದು ಪಟ್ಟಿಯ ಕೊನೆಯಲ್ಲಿ ಬರೆದೆವು. ನನ್ನ ಚಾರ್ಟಿನ ನಾಲ್ಕು ಬಾಣಗಳಲ್ಲಿ ಈ ಲೆಕ್ಕ ಇರಲಿಲ್ಲ.

ಈ ಅನುಭವದಿಂದ ನನ್ನ ಪಾಠಯೋಜನೆಯಲ್ಲಿ ಆದ ಬದಲಾವಣೆ ಎರಡು. ಒಂದು, ಮೌಲ್ಯಮಾಪನದ ಐದು ಪ್ರಶ್ನೆಗಳನ್ನು ಮೂರಕ್ಕಿಳಿಸಿ, ಉಳಿದ ಸಮಯವನ್ನು ಮಕ್ಕಳು ಕಂಡದ್ದನ್ನು ಹೇಳಲು ಬಿಟ್ಟಿದ್ದೇನೆ. ಎರಡು, ಯಾವ ಮಗು ಪುಸ್ತಕಕ್ಕೆ ಹೊಂದದ ಮಾತು ಹೇಳಿದರೂ ‘ಯಾವಾಗ ನೋಡಿದೆ, ಎಲ್ಲಿ, ಯಾವ ಬಣ್ಣ?’ ಎಂದು ಮೂರು ಪ್ರಶ್ನೆ ಕೇಳದೆ ಉತ್ತರ ಕೊಡುವುದಿಲ್ಲ. ಅಂದು ‘ಯಾವ ಬಣ್ಣದ ಧೂಳು?’ ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಕ್ರಿಸ್‌ಮಸ್ ರಜೆಗೆ ಮೊದಲು ನನ್ನ ಕೊನೆಯ ವೀಕ್ಷಿತ ಪಾಠ ನಡೆಯಿತು. ಪ್ರಶ್ನೆಗಳು ನಿಲ್ಲಲಿಲ್ಲ. ಗಂಟೆ ಹೊಡೆದ ಮೇಲೂ ಏಳು ನಿಮಿಷ ಹೋಯಿತು. ಅತಿ ಹೆಚ್ಚು ಪ್ರಶ್ನೆ ಬಂದದ್ದು ಮೂರನೇ ಬೆಂಚಿನಿಂದ. ವೀಕ್ಷಕರ ಷರಾ ಹೀಗಿತ್ತು: ‘ಸಮಯ ನಿರ್ವಹಣೆ ಸುಧಾರಿಸಬೇಕು.’ ಎರಡೂ ಹಾಳೆಗಳನ್ನು ಒಂದೇ ಕಡತದಲ್ಲಿ, ನಡುವೆ ಆ ಕಪ್ಪು ಕಾಗದವನ್ನಿಟ್ಟು ಕಾಪಾಡಿಕೊಂಡಿದ್ದೇನೆ.